ಚೆಕ್ ಬರೆಯುವುದು ಹೇಗೆ, ಎಲ್ಲಿ ಎಚ್ಚರ ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರಲ್ಲಿ, ಅಕ್ಕಪಕ್ಕದಲ್ಲಿ ಯಾರಿಗಾದರೂ ಚೆಕ್ ಬರೆಯುವ ಪ್ರಸಂಗ ಬಂದರೆ ಫೋನ್ ನನಗೆ ಬರುತ್ತದೆ. ಯಾವತ್ತೋ ಒಬ್ಬರಿಗೆ ಸರಿಯಾಗಿ ಹೇಳಿಕೊಟ್ಟ ತಪ್ಪಿಗೆ ಇರಬೇಕು. ವರ್ಷಕ್ಕೆ ಎರಡೋ ಮೂರೋ ಚೆಕ್ ಬರೆಯುವ ಕಾಲ ಇದು, ಹಾಗಾಗಿ ಪ್ರತಿ ಸಲವೂ ಮರೆತಿರುತ್ತದೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಮೊದಲ ಸಲ ಬರೆಯುವವರಿಗೆ

ಫೋನಿನಲ್ಲೇ ದುಡ್ಡು ಹೋಗುತ್ತೆ, ಇನ್ನೂ ಚೆಕ್ ಯಾಕೆ?

ಸಣ್ಣ ಪುಟ್ಟ ವ್ಯವಹಾರಕ್ಕೆ ಬೇಡವೇ ಬೇಡ. ಆದರೆ ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ದಿನಕ್ಕೆ ಸಾಮಾನ್ಯವಾಗಿ 1 ಲಕ್ಷ ರೂಪಾಯಿಯ ಮಿತಿ ಇದೆ. ಸೈಟು, ಮನೆ ಖರೀದಿಯಲ್ಲಿ ಕರಾರಿನ ಒಳಗೇ ಚೆಕ್ ನಂಬರ್ ಬರೆಯುವ ರೂಢಿ ಇದೆ. ಸಾಲ ಕೊಡುವವರು ಭದ್ರತೆಗೆ ಅಂತ ಚೆಕ್ ಕೇಳುತ್ತಾರೆ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕೈಸಾಲವನ್ನು ನಗದಾಗಿ ತೆಗೆದುಕೊಳ್ಳಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ, ಅಲ್ಲೂ ಅಕೌಂಟ್ ಪೇಯಿ ಚೆಕ್ (ಹೆಸರಿರುವವರ ಖಾತೆಗೆ ಮಾತ್ರ ಹೋಗುವ ಚೆಕ್) ಒಂದು ದಾರಿ. ಮೊಬೈಲ್ ಬ್ಯಾಂಕಿಂಗ್ ಬೇಡ ಅನ್ನುವ ಹಿರಿಯರು ಇದ್ದಾರಲ್ಲ, ಅವರಿಗಂತೂ ಚೆಕ್ಕೇ ಕೈ ಕಾಲು.

ಏನೇನು ಬರೆಯಬೇಕು, ಯಾವುದು ಮೊದಲು ಯಾವುದು ಆಮೇಲೆ?

ದಿನಾಂಕ, ಹೆಸರು, ಅಕ್ಷರದಲ್ಲಿ ಮೊತ್ತ, ಅಂಕಿಯಲ್ಲಿ ಮೊತ್ತ, ಎಡ ಮೂಲೆಯ ಗೆರೆ (ಅದು ಯಾಕೆ ಅಂತ ಮುಂದೆ ಹೇಳಿದ್ದೇನೆ), ಕೊನೆಗೆ ಸಹಿ. ಸಹಿ ಕೊನೆಗೆ ಅನ್ನುವುದನ್ನು ಮಾತ್ರ ಯಾವ ಕಾರಣಕ್ಕೂ ಬದಲಿಸಬೇಡಿ. ಸಹಿ ಬೀಳುವವರೆಗೆ ಅದು ಬರೀ ಕಾಗದ, ಅರ್ಧಕ್ಕೆ ಎದ್ದು ಹೋದರೂ ಭಯವಿಲ್ಲ. ಸಹಿ ಮೊದಲು ಹಾಕಿಬಿಟ್ಟರೆ ಉಳಿದ ಖಾಲಿ ಜಾಗವನ್ನೆಲ್ಲ ಯಾರು ಬೇಕಾದರೂ ತುಂಬಬಹುದು. ಚೆಕ್ ಮೋಸಗಳಲ್ಲಿ ಹೆಚ್ಚಿನವು ನಾವೇ ಬಿಟ್ಟ ಖಾಲಿ ಜಾಗದಲ್ಲಿ ಆಗುವಂಥವು, ಆದ್ದರಿಂದ ಮುಂದೆಯೂ ಈ ಮಾತು ಆಗಾಗ ಬರುತ್ತದೆ.

ಬರೆದ ಮೇಲೆ ಹರಿದುಕೊಡುವ ಮೊದಲು ಬುಕ್ಕಿನ ಮುಂದೆ ಅಥವಾ ಹಿಂದೆ ಇರುವ ದಾಖಲೆ ಪುಟದಲ್ಲಿ ಚೆಕ್ ನಂಬರ್, ಯಾರಿಗೆ, ಎಷ್ಟು, ಯಾವತ್ತು ಅಂತ ಗೀಚಿಡಿ. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು, ಆದರೆ ಆ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಸಹಿ ಮತ್ತು ಖಾತೆ ನಂಬರ್ ಎರಡೂ ಅದರಲ್ಲಿ ಇರುತ್ತವೆ.

ದಿನಾಂಕ ಯಾವುದು ಹಾಕಲಿ? ಚೆಕ್ ಎಷ್ಟು ದಿನ ಬಾಳುತ್ತೆ?

ಸುಮ್ನೆ ಇವತ್ತಿನ ದಿನಾಂಕ ಹಾಕಿ. ಬಲಗಡೆ ಮೇಲೆ ಎಂಟು ಚೌಕಗಳಿವೆ: ಎರಡು ದಿನಕ್ಕೆ, ಎರಡು ತಿಂಗಳಿಗೆ, ನಾಲ್ಕು ವರ್ಷಕ್ಕೆ. 5ನೇ ತಾರೀಕು ಆದರೆ 05 ಅಂತಲೇ ಬರೆಯಬೇಕು. ಚೌಕದ ಗೆರೆ ದಾಟದಂತೆ ಬರೆಯಿರಿ.

ಚೆಕ್ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಅದು ಬ್ಯಾಂಕಿಗೆ ಹೋಗಬೇಕು. ಮೊದಲು ಆರು ತಿಂಗಳಿತ್ತು. ರಿಸರ್ವ್ ಬ್ಯಾಂಕ್ 2012ರ ಏಪ್ರಿಲ್ 1ರಿಂದ ಮೂರಕ್ಕೆ ಇಳಿಸಿತು. ಈಗಲೂ ಎಷ್ಟೋ ಜನರ ತಲೆಯಲ್ಲಿ ಆರು ತಿಂಗಳೇ ಕೂತಿದೆ. ಅವಧಿ ಮುಗಿದರೆ ಹಣವೇನೂ ಮುಳುಗುವುದಿಲ್ಲ, ಕೊಟ್ಟವರ ಹತ್ತಿರ ಹೊಸ ಚೆಕ್ ಕೇಳಬೇಕು, ಅಷ್ಟೇ.

ಅಂದ ಹಾಗೆ, ರಾಷ್ಟ್ರೀಯ ಪಂಚಾಂಗದ ಶಕ ದಿನಾಂಕ ಹಾಕಿದ ಚೆಕ್ಕನ್ನೂ ಬ್ಯಾಂಕುಗಳು ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಗೋಡೆ ಮೇಲಿನ ಕ್ಯಾಲೆಂಡರಿನ ತಿಥಿ ಅಲ್ಲ, ಸರ್ಕಾರದ ಶಕ ಪಂಚಾಂಗ. ಹಾಗೆ ಬರೆದವರನ್ನು ನಾನಂತೂ ಇಲ್ಲಿಯವರೆಗೆ ನೋಡಿಲ್ಲ.

ಹೆಸರು ಹೇಗೆ ಬರೆಯಬೇಕು? ಎಲ್ಲರೂ ಕರೆಯುವ ಹೆಸರು ಸಾಕಾ?

ಸಾಲದು. ಅವರ ಬ್ಯಾಂಕ್ ಖಾತೆಯಲ್ಲಿ ಹೇಗಿದೆಯೋ ಹಾಗೆ. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಬುಕ್ಕಿನಲ್ಲಿ ಬರೀ ಒಂದಕ್ಷರ. ಹಾಗಾಗಿ ಊಹಿಸಬೇಡಿ, ಪಾಸ್‌ಬುಕ್ಕಿನ ಮೊದಲ ಪುಟ ನೋಡಿ ಹೇಳಿ ಅಂತ ಕೇಳಿಬಿಡಿ. ಶ್ರೀ, ಶ್ರೀಮತಿ, ಡಾಕ್ಟರ್ ಯಾವುದೂ ಅಗತ್ಯವಿಲ್ಲ. ಅಂಗಡಿಗೆ ಕೊಡುವ ಚೆಕ್ ಆದರೆ ಮಾಲೀಕರ ಹೆಸರಲ್ಲ, ಖಾತೆ ಅಂಗಡಿಯ ಹೆಸರಿನಲ್ಲಿದ್ದರೆ ಅದೇ ಹೆಸರು.

ಎಡ ಅಂಚಿಗೆ ಒತ್ತಿ ಶುರು ಮಾಡಿ, ಹೆಸರು ಮುಗಿದ ಮೇಲೆ ಉಳಿದ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಗೆರೆ ಇಲ್ಲದಿದ್ದರೆ 'ರವಿ' ಅನ್ನುವುದು 'ರವಿಕುಮಾರ್' ಆಗಲು ಒಂದು ನಿಮಿಷವೂ ಬೇಡ.

ತೆರಿಗೆ, ವಿಮೆ, ಸಾಲದ ಕಂತಿನ ಚೆಕ್ ಆದರೆ ಬರೀ ಬ್ಯಾಂಕಿನ ಅಥವಾ ಕಂಪನಿಯ ಹೆಸರು ಬರೆದು ಬಿಡಬೇಡಿ. ಅದರ ಮುಂದೆ ಸಾಲದ ಖಾತೆ ನಂಬರೋ ಪಾಲಿಸಿ ನಂಬರೋ ಸೇರಿಸಿ. ಇಲ್ಲದಿದ್ದರೆ ಆ ಚೆಕ್ ಬೇರೆ ಯಾರದೋ ಕಂತಿಗೆ ಜಮಾ ಆಗಬಹುದು.

ಅಕ್ಷರದಲ್ಲಿ ಒಂದು, ಅಂಕಿಯಲ್ಲಿ ಇನ್ನೊಂದು ಬರೆದುಬಿಟ್ಟೆ. ಯಾವುದು ಲೆಕ್ಕ?

ಕಾನೂನು ಕೇಳಿದರೆ ಅಕ್ಷರ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಹಾಗೇ ಹೇಳುತ್ತದೆ. ಆದರೆ ಕೌಂಟರಿನಲ್ಲಿ ಯಾರೂ ನಿಮ್ಮ ಜೊತೆ ಸೆಕ್ಷನ್ ಚರ್ಚೆ ಮಾಡುವುದಿಲ್ಲ, ಎರಡೂ ಹೊಂದುತ್ತಿಲ್ಲ ಅಂತ ಷರಾ ಬರೆದು ವಾಪಸ್ ಕಳಿಸುತ್ತಾರೆ. ಹಾಗಾಗಿ ಮೊದಲು ಅಕ್ಷರದಲ್ಲಿ ಬರೆದು, ಅದನ್ನು ಓದಿಕೊಂಡೇ ಅಂಕಿ ಹಾಕಿ.

ಅಂಕಿ ಹಾಕುವಾಗ ₹ ಗುರುತಿಗೆ ಅಂಟಿಕೊಂಡಂತೆ ಶುರು ಮಾಡಿ, ಕೊನೆಗೆ /- ಹಾಕಿ. ಚಿಹ್ನೆ ಮತ್ತು ಅಂಕಿಯ ನಡುವೆ ಜಾಗ ಬಿಟ್ಟರೆ 5,000ದ ಎಡಕ್ಕೆ ಒಂದು 9 ಕೂರಿಸುವುದು ಸುಲಭ.

ಪದಗಳಲ್ಲಿ ಬರೆಯುವಾಗ ಅಪಾಯ ಭಾಷೆಗೆ ತಕ್ಕಂತೆ ಜಾಗ ಬದಲಿಸುತ್ತದೆ. ಇಂಗ್ಲಿಷಿನಲ್ಲಿ ಸಿಕ್ಸ್, ಸೆವೆನ್ ಬರೆದು ಬಲಗಡೆ ಜಾಗ ಬಿಟ್ಟರೆ ಎರಡಕ್ಷರ ಸೇರಿಸಿ ಸಿಕ್ಸ್‌ಟಿ, ಸೆವೆಂಟಿ ಮಾಡುತ್ತಾರೆ. ಕನ್ನಡದಲ್ಲಿ ಕಳ್ಳ ಬರುವುದು ಮುಂದಿನ ಬಾಗಿಲಿನಿಂದ. ನಾವು ಮಾತಿನಲ್ಲಿ 'ಸಾವಿರ ರೂಪಾಯಿ' ಅನ್ನುತ್ತೇವೆ, 'ಒಂದು' ನುಂಗಿಬಿಡುತ್ತೇವೆ. ಚೆಕ್ಕಿನಲ್ಲಿ ಹಾಗೆ ಬರೆದು ಎಡಗಡೆ ಸ್ವಲ್ಪ ಜಾಗ ಬಿಟ್ಟರೆ 'ಒಂಬತ್ತು' ಅಂತ ಸೇರಿಸಿದರೆ ಮುಗಿಯಿತು. ಆದ್ದರಿಂದ 'ಒಂದು ಸಾವಿರ', 'ಒಂದು ಲಕ್ಷ' ಅಂತ ಪೂರ್ತಿ ಬರೆಯಿರಿ, ಗೆರೆಯ ಎಡ ತುದಿಗೆ ಅಂಟಿಸಿ ಬರೆಯಿರಿ, ಕೊನೆಗೆ 'ಮಾತ್ರ' ಹಾಕಿ, ಉಳಿದ ಜಾಗಕ್ಕೆ ಅಡ್ಡಗೆರೆ.

ಕನ್ನಡದಲ್ಲಿ ಚೆಕ್ ಬರೆದರೆ ನಡೆಯುತ್ತಾ? ಬ್ಯಾಂಕಿನವರು ಗೊಣಗುತ್ತಾರೆ

ಧಾರಾಳವಾಗಿ ನಡೆಯುತ್ತದೆ. ಚೆಕ್ ಹಾಳೆಯನ್ನು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮುದ್ರಿಸಬೇಕು, ಗ್ರಾಹಕರು ಮಾತ್ರ ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಬರೆಯಬಹುದು ಅಂತ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಕನ್ನಡದ ಸಹಿಯೂ ಸರಿ, ಖಾತೆ ತೆರೆಯುವಾಗ ಕೊಟ್ಟ ಮಾದರಿ ಸಹಿ ಅದೇ ಆಗಿರಬೇಕು ಅಷ್ಟೇ.

ಗೊಣಗಿದರೆ ಈ ಮಾತನ್ನು ಶಾಂತವಾಗಿ ಹೇಳಿ. ನಾನು ಒಂದೆರಡು ಸಲ ಹೇಳಿದ್ದೇನೆ, ಕೆಲಸ ಆಗಿದೆ. ಒಂದು ವ್ಯಾವಹಾರಿಕ ಮಾತು ಮಾತ್ರ: 'ಆಯಾ ಪ್ರದೇಶದ' ಅನ್ನುವ ಪದ ಗಮನಿಸಿ. ಚೆಕ್ ಪಡೆಯುವವರ ಖಾತೆ ಬೇರೆ ರಾಜ್ಯದಲ್ಲಿದ್ದರೆ ಅಲ್ಲಿ ಜಮಾ ಮಾಡಿಕೊಳ್ಳುವ ಕ್ಲರ್ಕಿಗೆ ಕನ್ನಡ ಓದಲು ಬರುವುದಿಲ್ಲ. ಅಂಥ ಚೆಕ್ಕನ್ನು ಅವರಿಗೂ ಗೊತ್ತಿರುವ ಭಾಷೆಯಲ್ಲಿ ಬರೆದರೆ ದುಡ್ಡು ಬೇಗ ತಲುಪುತ್ತದೆ.

ಕಪ್ಪು ಇಂಕು ನಿಷೇಧ ಅಂತ ವಾಟ್ಸಾಪ್‌ನಲ್ಲಿ ಬಂದಿದೆ, ಹೌದಾ?

ಸುಳ್ಳು. ಯಾವ ಬಣ್ಣದ ಇಂಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿಲ್ಲ. ಸ್ಕ್ಯಾನ್ ಮಾಡಿದಾಗ ಚೆನ್ನಾಗಿ ಕಾಣುವ ಇಂಕು ಬಳಸಿ ಅಂತಷ್ಟೇ ಹೇಳಿದೆ. ಕಪ್ಪು ಅಥವಾ ಗಾಢ ನೀಲಿ ಬಾಲ್ ಪೆನ್ ಸಾಕು. ಶಾಯಿ ಪೆನ್ನು ನೀರು ಬಿದ್ದರೆ ಹರಡುತ್ತದೆ. ಜೆಲ್ ಪೆನ್ನುಗಳಲ್ಲಿ ಕೆಲವು ರಬ್ಬರಿನಿಂದ ಉಜ್ಜಿದರೆ ಅಳಿಸಿಹೋಗುವಂಥವು ಇವೆ, ಅವು ಬೇಡವೇ ಬೇಡ. ಪೆನ್ನು ಯಾವುದೇ ಇರಲಿ, ನಿಮ್ಮದೇ ಆಗಿರಲಿ.

ಒಂದಕ್ಷರ ತಪ್ಪಾಯ್ತು. ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದರೆ ಆಗಲ್ವಾ?

ಹಿಂದೆ ಆಗುತ್ತಿತ್ತು. ಈಗ ಚೆಕ್ ಬ್ಯಾಂಕಿನಿಂದ ಬ್ಯಾಂಕಿಗೆ ಓಡಾಡುವುದಿಲ್ಲ, ಅದರ ಚಿತ್ರ ಮಾತ್ರ ಓಡಾಡುತ್ತದೆ. ಈ ವ್ಯವಸ್ಥೆಗೆ ಸಿಟಿಎಸ್ ಅನ್ನುತ್ತಾರೆ, 2008ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಚಿತ್ರ ನೋಡಿ ತಿದ್ದುಪಡಿ ಅಸಲಿಯೋ ನಕಲಿಯೋ ಹೇಳುವುದು ಕಷ್ಟ. ಅದಕ್ಕೇ ಹೆಸರು, ಮೊತ್ತ ತಿದ್ದಿದ ಚೆಕ್ ಕ್ಲಿಯರಿಂಗಿನಲ್ಲಿ, ಅಂದರೆ ಬ್ಯಾಂಕುಗಳು ತಮ್ಮತಮ್ಮೊಳಗೆ ಚೆಕ್ ಪಾಸು ಮಾಡಿಕೊಳ್ಳುವಾಗ, ನಡೆಯುವುದಿಲ್ಲ. ಅವಧಿ ಮುಗಿದ ಚೆಕ್ಕಿನ ದಿನಾಂಕವನ್ನು ಹೊಸದು ಮಾಡುವುದಕ್ಕೆ ಮಾತ್ರ ವಿನಾಯಿತಿ. ನಿಮ್ಮದೇ ಶಾಖೆಯಲ್ಲಿ ಕೌಂಟರಿನಲ್ಲಿ ನಗದು ತೆಗೆಯುವ ಚೆಕ್ಕಿಗೆ ಈ ನಿಯಮ ಅನ್ವಯಿಸುವುದಿಲ್ಲ, ಆದರೂ ಮ್ಯಾನೇಜರ್ ಒಪ್ಪಬೇಕು.

ತಪ್ಪಾದ ಹಾಳೆಯನ್ನು ಸುಮ್ನೆ ಕಸದ ಬುಟ್ಟಿಗೆ ಎಸೆಯಬೇಡಿ. ಕೆಳಗಿನ ಅಂಕಿಗಳ ಪಟ್ಟಿ, ಸಹಿ ಮಾಡಿದ್ದರೆ ಸಹಿಯ ಜಾಗ, ಎರಡನ್ನೂ ಚೂರು ಚೂರು ಮಾಡಿ. ದಾಖಲೆ ಪುಟದಲ್ಲಿ ಆ ನಂಬರಿನ ಮುಂದೆ 'ರದ್ದು' ಅಂತ ಬರೆದುಕೊಳ್ಳಿ.

ಚೆಕ್ ಕೆಳಗಿನ ಆ ವಿಚಿತ್ರ ಅಂಕಿಗಳು ಏನು?

ಮೊದಲ ಆರು ಅಂಕಿ ಚೆಕ್ ನಂಬರ್. ಆಮೇಲಿನ ಒಂಬತ್ತು ಎಂಐಸಿಆರ್ ಕೋಡ್: ಮೂರು ಊರಿಗೆ, ಮೂರು ಬ್ಯಾಂಕಿಗೆ, ಮೂರು ಶಾಖೆಗೆ. ಬೆಂಗಳೂರಿನ ಚೆಕ್ ಆದರೆ 560ರಿಂದ, ಮೈಸೂರಿನದಾದರೆ 570ರಿಂದ ಶುರುವಾಗುತ್ತದೆ, ಪಿನ್ ಕೋಡಿನ ಹಾಗೆಯೇ. ಕೊನೆಯ ಎರಡು ಅಂಕಿ ಚೆಕ್ ಯಾವ ಬಗೆಯದು ಅಂತ ಹೇಳುತ್ತವೆ. ಕಾಂತ ಗುಣವಿರುವ ಇಂಕಿನಲ್ಲಿ ಮುದ್ರಿಸಿರುವ ಈ ಪಟ್ಟಿಯನ್ನು ಯಂತ್ರ ಓದುತ್ತದೆ. ಅದರ ಮೇಲೆ ಬರೆಯುವುದು, ಮಡಚುವುದು, ಪಿನ್ ಹೊಡೆಯುವುದು ಮಾಡಬೇಡಿ. ಸಹಿಯ ಬಾಲ ಉದ್ದ ಇರುವವರು ಅದು ಈ ಪಟ್ಟಿಗೆ ಇಳಿಯದಂತೆ ನೋಡಿಕೊಳ್ಳಿ.

## ಗೆರೆ, ಸಹಿ ಮತ್ತು ಕಳ್ಳರು

ಎಡ ಮೂಲೆಯಲ್ಲಿ ಎರಡು ಗೆರೆ ಎಳೆದರೆ ಏನಾಗುತ್ತೆ?

ಇದು ನಿಮ್ಮ ಚೆಕ್ಕಿಗೆ ಬೀಗ. ಪುಕ್ಕಟೆ ಬೀಗ, ಆದರೂ ಜನ ಹಾಕುವುದಿಲ್ಲ.

ಹೆಸರಿನ ಗೆರೆಯ ಕೊನೆಯಲ್ಲಿ 'ಆರ್ ಬೇರರ್' ಅಂತ ಮುದ್ರಿಸಿರುತ್ತಾರೆ. ಅಂದರೆ ಹೆಸರು ಯಾರದೇ ಇರಲಿ, ಚೆಕ್ ಹಿಡಿದು ಬಂದವರಿಗೆ ಹಣ ಕೊಡಬಹುದು ಅಂತ ಅರ್ಥ. ಬಸ್ಸಿನಲ್ಲಿ ಬಿದ್ದುಹೋದರೆ ಸಿಕ್ಕಿದವರ ಪಾಲು. ಆ ಎರಡು ಪದ ಹೊಡೆದರೆ ಅದು ಆರ್ಡರ್ ಚೆಕ್, ಹೆಸರಿರುವವರು ಅಥವಾ ಅವರು ಚೆಕ್ಕಿನ ಹಿಂಬದಿಯಲ್ಲಿ ಯಾರ ಹೆಸರು ಬರೆದು ಸಹಿ ಮಾಡಿಕೊಟ್ಟರೋ ಅವರು ಮಾತ್ರ ಪಡೆಯಬಹುದು.

ಎಡ ಮೂಲೆಯಲ್ಲಿ ಎರಡು ಸಮಾನಾಂತರ ಗೆರೆ ಎಳೆದರೆ ಅದು ಕ್ರಾಸ್ ಮಾಡಿದ ಚೆಕ್. ಇನ್ನು ಕೌಂಟರಿನಲ್ಲಿ ನಗದು ಸಿಗುವುದಿಲ್ಲ, ಯಾವುದಾದರೂ ಖಾತೆಯ ಮೂಲಕವೇ ಹೋಗಬೇಕು. ಆ ಗೆರೆಗಳ ನಡುವೆ 'ಅಕೌಂಟ್ ಪೇಯಿ' ಅಂತ ಬರೆದರೆ ಹೆಸರಿರುವವರ ಖಾತೆಗೆ ಮಾತ್ರ, ಬೇರೆಯವರ ಖಾತೆಗೆ ಹಾಕದಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕಟ್ಟಪ್ಪಣೆ ಮಾಡಿದೆ. ಕಳೆದುಹೋದರೂ ಹಣ ಯಾರ ಖಾತೆಗೆ ಹೋಯಿತು ಅನ್ನುವ ಜಾಡು ಉಳಿಯುತ್ತದೆ. ಬೇರೆಯವರಿಗೆ ಕೊಡುವ ಚೆಕ್ಕಿಗೆ ಬೇರರ್ ಹೊಡೆದು, ಅಕೌಂಟ್ ಪೇಯಿ ಬರೆದೇ ಕೊಡಿ. ಇದನ್ನು ಬರೆದರೆ ಎದುರಿನವರು ಬೇಜಾರು ಮಾಡಿಕೊಂಡಾರು ಅಂತ ಅಂದುಕೊಳ್ಳಬೇಡಿ. ಖಾತೆ ಇರುವವರಿಗೆ ಬೇಜಾರಾಗಲು ಕಾರಣವೇ ಇಲ್ಲ.

ನನ್ನ ಖಾತೆಯಿಂದ ನಾನೇ ದುಡ್ಡು ತೆಗೆಯೋಕೆ ಹೇಗೆ ಬರೆಯೋದು?

ಹೆಸರಿನ ಜಾಗದಲ್ಲಿ 'ಸೆಲ್ಫ್' ಅಂತ ಬರೆಯಿರಿ, ಎಡ ಮೂಲೆಯ ಗೆರೆ ಮಾತ್ರ ಎಳೆಯಬೇಡಿ. ಹಿಂದುಗಡೆಯೂ ಸಹಿ ಕೇಳುತ್ತಾರೆ. ಮನೆಯಲ್ಲೇ ಬರೆದು ಜೇಬಿಗಿಟ್ಟುಕೊಂಡು ಹೋಗಬೇಡಿ. ಸಹಿ ಆದ ಸೆಲ್ಫ್ ಚೆಕ್ ಅಂದರೆ ಹೆಚ್ಚು ಕಡಿಮೆ ನೋಟೇ. ಬ್ಯಾಂಕಿನೊಳಗೆ ಹೋಗಿ ಬರೆಯಿರಿ.

ಸಹಿ ಮಾಡಿ ಖಾಲಿ ಚೆಕ್ ಕೊಡು ಅಂತಾರೆ. ಗುರುತಿನವರೇ, ಕೊಡಬಹುದಾ?

ಬೇಡ. ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ಜನ ನನ್ನ ಮಾತು ಕೇಳದೆ ಕೊಟ್ಟು ಬರುವುದೂ ಇಲ್ಲೇ.

'ಮೊತ್ತ ನಾನು ಬರೆದಿಲ್ಲ, ಕೈಬರಹವೇ ನನ್ನದಲ್ಲ' ಅಂತ ಆಮೇಲೆ ವಾದ ಮಾಡಬಹುದು ಅಂದುಕೊಂಡಿರುತ್ತಾರೆ. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೋಡಿ: ಸ್ವಇಚ್ಛೆಯಿಂದ ಸಹಿ ಮಾಡಿ ಖಾಲಿ ಚೆಕ್ ಕೊಟ್ಟಿದ್ದರೂ ಅದು ಸಾಲ ತೀರಿಸಲು ಕೊಟ್ಟದ್ದು ಅಂತಲೇ ಕಾನೂನು ಊಹಿಸುತ್ತದೆ. ಉಳಿದದ್ದನ್ನು ಬೇರೆಯವರು ತುಂಬಿದರು ಅನ್ನುವ ಒಂದೇ ಕಾರಣಕ್ಕೆ ಚೆಕ್ ಬಿದ್ದುಹೋಗುವುದಿಲ್ಲ. ಸಾಲ ಇರಲಿಲ್ಲ, ಅಥವಾ ಇಷ್ಟು ಇರಲಿಲ್ಲ ಅಂತ ತೋರಿಸುವ ಹೊಣೆ ನಿಮ್ಮ ತಲೆಗೆ ಬರುತ್ತದೆ.

ಕೊಡಲೇಬೇಕಾದ ಒತ್ತಡ ಇದ್ದರೆ ಕನಿಷ್ಠ ಹೆಸರು ಬರೆಯಿರಿ, ಅಕೌಂಟ್ ಪೇಯಿ ಗೆರೆ ಎಳೆಯಿರಿ, ಮೊತ್ತವನ್ನೂ ತುಂಬಿ. ಜೊತೆಗೆ ಇಂಥ ನಂಬರಿನ ಚೆಕ್ ಇಂಥ ಸಾಲದ ಭದ್ರತೆಗೆ ಕೊಟ್ಟಿದೆ, ಸಾಲ ತೀರಿದ ಮೇಲೆ ವಾಪಸ್ ಕೊಡಬೇಕು ಅಂತ ಒಂದು ಪತ್ರ ಬರೆದು ಅವರ ಸಹಿ ತೆಗೆದುಕೊಳ್ಳಿ. ಸಾಲ ತೀರಿದ ದಿನವೇ ಚೆಕ್ ವಾಪಸ್ ಕೇಳಿ. ನಾಳೆ ಕೊಡ್ತೀನಿ ಅಂದವರ ಮನೆಗೆ ನಾಳೆಯೇ ಹೋಗಿ.

ಕ್ಯಾನ್ಸಲ್ಡ್ ಚೆಕ್ ಕೇಳಿದರು. ಅದಕ್ಕೆ ಸಹಿ ಬೇಕಾ?

ಬೇಡ. ಅವರಿಗೆ ಬೇಕಿರುವುದು ನಿಮ್ಮ ಹೆಸರು, ಖಾತೆ ನಂಬರ್, ನಿಮ್ಮ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್. ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು, ನಡುವೆ ದೊಡ್ಡದಾಗಿ 'ಕ್ಯಾನ್ಸಲ್ಡ್' ಅಂತ ಬರೆದು ಕೊಡಿ.

ಇದರಲ್ಲಿ ಒಂದು ಹಳೆಯ ಆಟ ಇದೆ. ಸಾಲ ಮಾಡಿಸಿಕೊಡುವ ಏಜೆಂಟ್ ಮನೆಗೆ ಬರುತ್ತಾನೆ, ತಾನೇ ಪೆನ್ನು ಕೊಡುತ್ತಾನೆ, ನೀವು ಕ್ಯಾನ್ಸಲ್ಡ್ ಬರೆಯುತ್ತೀರಿ, 'ಇಲ್ಲೊಂದು ಸಹಿ ಹಾಕಿಬಿಡಿ ಸರ್' ಅನ್ನುತ್ತಾನೆ, ಆ ಸಹಿಗೆ ಮಾತ್ರ ಬೇರೆ ಪೆನ್ನು. ಮೊದಲಿನ ಪೆನ್ನಿನ ಇಂಕು ಅಳಿಸಿದರೆ ಹೋಗುವಂಥದ್ದು. ಸಂಜೆ ಹೊತ್ತಿಗೆ ಅವನ ಕೈಯಲ್ಲಿ ಸಹಿ ಇರುವ ಖಾಲಿ ಚೆಕ್. ನಿಮ್ಮ ಪೆನ್ನು ಬಳಸಿದರೆ, ಸಹಿ ಮಾಡದಿದ್ದರೆ ಈ ಆಟ ಶುರುವಿನಲ್ಲೇ ನಿಲ್ಲುತ್ತದೆ.

ನನ್ನ ಸಹಿ ಪ್ರತಿ ಸಲ ಬೇರೆ ಥರ ಬರುತ್ತೆ, ಏನು ಮಾಡಲಿ?

ವಯಸ್ಸಾದವರಲ್ಲಿ ಇದು ತುಂಬಾ ಸಹಜ. ಶಾಖೆಗೆ ಹೋಗಿ ಗುರುತಿನ ಚೀಟಿ ತೋರಿಸಿ ಮಾದರಿ ಸಹಿಯನ್ನು ಈಗ ಬರುವ ಸಹಿಗೆ ಬದಲಿಸಿಕೊಳ್ಳಿ. ಅದನ್ನು ಮುಂದಕ್ಕೆ ಹಾಕಬೇಡಿ. 'ಸಹಿ ಹೊಂದುತ್ತಿಲ್ಲ' ಅಂತ ಚೆಕ್ ವಾಪಸಾದರೂ ಅದು ಬೌನ್ಸ್ ಮೊಕದ್ದಮೆಗೆ ದಾರಿ ಆಗಬಹುದು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಸಹಿಯನ್ನು ಮುದ್ರಿತ ಗೆರೆಯ ಮೇಲೆ ಮಾಡಿ, ಪಕ್ಕದಲ್ಲಿ ರಬ್ಬರ್ ಸ್ಟಾಂಪ್ ಒತ್ತುವುದಿದ್ದರೆ ಅಕ್ಷರಗಳು ಮುಚ್ಚಿಹೋಗದಂತೆ ತೆಳುವಾಗಿ ಒತ್ತಿ.

ಬುಕ್ಕಿನಲ್ಲಿ ಒಂದು ಹಾಳೆ ಕಾಣಿಸ್ತಿಲ್ಲ!

ಹುಡುಕುತ್ತಾ ಕೂರಬೇಡಿ, ಮೊದಲು ಸ್ಟಾಪ್ ಪೇಮೆಂಟ್ ಹಾಕಿ, ಅಂದರೆ ಆ ಚೆಕ್ಕಿಗೆ ಹಣ ಕೊಡಬೇಡಿ ಅಂತ ಬ್ಯಾಂಕಿಗೆ ಹೇಳಿ. ಬ್ಯಾಂಕಿನ ಆ್ಯಪ್‌ನಲ್ಲಿ, ಕಸ್ಟಮರ್ ಕೇರ್‌ನಲ್ಲಿ ಅಥವಾ ಶಾಖೆಯಲ್ಲಿ ಆ ನಂಬರ್ ಹೇಳಿದರೆ ಆಯಿತು. ಸ್ವಲ್ಪ ಶುಲ್ಕ ಹಿಡಿಯುತ್ತಾರೆ, ಹಿಡಿಯಲಿ. ಕಳುವಾಗಿದೆ ಅನ್ನಿಸಿದರೆ ಪೊಲೀಸರಿಗೂ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ. ಕಳ್ಳರು ಮೇಲಿನ ಹಾಳೆ ತೆಗೆಯುವುದಿಲ್ಲ, ನಡುವಿನದೋ ಕೊನೆಯದೋ ತೆಗೆಯುತ್ತಾರೆ. ಹೊಸ ಬುಕ್ ಬಂದ ದಿನವೇ ಹಾಳೆಗಳನ್ನು ಎಣಿಸಿ.

ನನಗೆ ಬಂದಿರುವ ಚೆಕ್ ಅಸಲಿಯೋ ನಕಲಿಯೋ ಹೇಗೆ ತಿಳಿಯೋದು?

ಬೆಳಕಿಗೆ ಹಿಡಿದು ನೋಡಿ, 'ಸಿಟಿಎಸ್ ಇಂಡಿಯಾ' ಅನ್ನುವ ನೀರುಗುರುತು ಕಾಣಬೇಕು. ಜೆರಾಕ್ಸ್ ಮಾಡಿದರೆ 'ವಾಯ್ಡ್' ಅನ್ನುವ ಪದ ಎದ್ದು ಬರುವಂತೆ ವಿನ್ಯಾಸ ಮಾಡಿರುತ್ತಾರೆ. ಬ್ಯಾಂಕಿನ ಲೋಗೋ ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವ ಇಂಕಿನಲ್ಲೂ ಇರುತ್ತದೆ, ಅದನ್ನು ಬ್ಯಾಂಕಿನವರು ನೋಡುತ್ತಾರೆ. ಇಷ್ಟೆಲ್ಲ ಇದ್ದರೂ ಹಾಳೆ ಅಸಲಿ ಅಂದ ಮಾತ್ರಕ್ಕೆ ಖಾತೆಯಲ್ಲಿ ದುಡ್ಡಿದೆ ಅಂತಲ್ಲ. ಗಾಡಿಯೋ ಚಿನ್ನವೋ ಮಾರುತ್ತಿದ್ದರೆ ಹಣ ನಿಮ್ಮ ಖಾತೆಗೆ ಬಂದು ಕೂತ ಮೇಲೆಯೇ ವಸ್ತು ಕೊಡಿ.

## ಸ್ವಲ್ಪ ಮುಂದಿನ ಪಾಠ

ಪಾಸಿಟಿವ್ ಪೇ ಅಂತ ಮೆಸೇಜ್ ಬರುತ್ತೆ, ಮಾಡಲೇಬೇಕಾ?

2021ರ ಜನವರಿ 1ರಿಂದ ಬಂದ ವ್ಯವಸ್ಥೆ. ನೀವು ಬರೆದ ಚೆಕ್ಕಿನ ನಂಬರ್, ದಿನಾಂಕ, ಹೆಸರು, ಮೊತ್ತವನ್ನು ಆ್ಯಪ್, ಎಸ್‌ಎಂಎಸ್, ಎಟಿಎಂ ಅಥವಾ ಶಾಖೆಯ ಮೂಲಕ ಬ್ಯಾಂಕಿಗೆ ಮೊದಲೇ ತಿಳಿಸುವುದು. ಚೆಕ್ ಬಂದಾಗ ಅವರು ತಾಳೆ ನೋಡುತ್ತಾರೆ. 50,000 ರೂಪಾಯಿ ಮತ್ತು ಮೇಲ್ಪಟ್ಟ ಚೆಕ್ಕಿಗೆ ಈ ಸೌಲಭ್ಯ ಸಿಗುತ್ತದೆ, 5 ಲಕ್ಷ ಮತ್ತು ಮೇಲ್ಪಟ್ಟದ್ದಕ್ಕೆ ಬ್ಯಾಂಕು ಕಡ್ಡಾಯ ಮಾಡಬಹುದು. ಕಡ್ಡಾಯ ಇಲ್ಲದಿದ್ದರೂ ಮಾಡಿ. ನೀವು ಕೊಟ್ಟ ಮಾಹಿತಿ ಬ್ಯಾಂಕಿನ ಹತ್ತಿರ ಇದ್ದರೆ, ಚೆಕ್ ಮೇಲೆ ಯಾರು ಏನು ತಿದ್ದಿದರೂ ಸಿಕ್ಕಿಬೀಳುತ್ತಾರೆ. ಈ ವಿವರ ತುಂಬಲು ಫೋನ್ ಮಾಡಿ ಒಟಿಪಿ ಕೇಳಿದರೆ ಅದು ಬ್ಯಾಂಕ್ ಅಲ್ಲ, ಇಟ್ಟುಬಿಡಿ.

ಚೆಕ್ ಹಾಕಿದ ಮೇಲೆ ಎಷ್ಟು ದಿನಕ್ಕೆ ದುಡ್ಡು ಬರುತ್ತೆ?

2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ ಗೊತ್ತಾದ ಒಂದು ಹೊತ್ತಿಗೆ ಕಂತೆ ಕಟ್ಟಿ ಕಳಿಸುವಂತಿಲ್ಲ, ಹಗಲಿಡೀ ನಡೆಯುತ್ತಲೇ ಇರುತ್ತದೆ. ಬೆಳಿಗ್ಗೆ ಹಾಕಿದ ಚೆಕ್ ಅದೇ ದಿನ ಪಾಸಾಗುವ ಕಾಲ ಬಂದಿದೆ. ಇದರ ಇನ್ನೊಂದು ಮುಖ ಚೆಕ್ ಕೊಡುವವರಿಗೆ: 'ಇವತ್ತು ಕೊಡೋಣ, ನಾಡಿದ್ದು ದುಡ್ಡು ಹಾಕಿದರಾಯ್ತು' ಅನ್ನುವ ಹಳೆಯ ಲೆಕ್ಕ ಈಗ ಕೈಕೊಡುತ್ತದೆ. ದುಡ್ಡು ಮೊದಲು ಇರಲಿ.

ಡ್ರಾಪ್ ಬಾಕ್ಸಿಗೇ ಹಾಕಿ ಅಂತಾರೆ, ಸ್ವೀಕೃತಿ ಕೊಡಲ್ಲ ಅಂತಾರೆ

ಕೊಡಬೇಕು. ಕೌಂಟರಿಗೆ ಚೆಕ್ ತಂದು ಸ್ವೀಕೃತಿ ಕೇಳಿದ ಗ್ರಾಹಕರಿಗೆ ಇಲ್ಲ ಅನ್ನುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ಸೂಚನೆ. ದೊಡ್ಡ ಮೊತ್ತದ ಚೆಕ್ಕನ್ನು ನಾನು ಪೆಟ್ಟಿಗೆಗೆ ಹಾಕುವುದಿಲ್ಲ. ಹಾಕುವುದಾದರೆ ಹಿಂಬದಿಯಲ್ಲಿ ಖಾತೆ ನಂಬರ್ ಮತ್ತು ಫೋನ್ ನಂಬರ್ ಬರೆಯಿರಿ. ದೂರು ಕೊಟ್ಟು 30 ದಿನದಲ್ಲಿ ಬ್ಯಾಂಕು ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಸಹಾಯವಾಣಿ 14448.

ಮುಂದಿನ ತಿಂಗಳ ದಿನಾಂಕ ಹಾಕಿ ಕೊಟ್ಟರೆ ಸೇಫಾ?

ಆ ದಿನಾಂಕ ಬರುವ ಮೊದಲು ಬ್ಯಾಂಕು ಹಣ ಕೊಡುವಂತಿಲ್ಲ, ಅಷ್ಟರ ಮಟ್ಟಿಗೆ ಸೇಫು. ಬಾಡಿಗೆಗೆ, ಕಂತಿಗೆ ಹೀಗೆ ಕೊಡುವುದುಂಟು. ಅಪಾಯ ಇರುವುದು ನಮ್ಮ ಮರೆವಿನಲ್ಲಿ. ಹತ್ತು ಚೆಕ್ ಬರೆದು ಕೊಟ್ಟು ಏಳನೆಯದರ ದಿನ ಖಾತೆ ಖಾಲಿ ಇರುತ್ತದೆ. ಕೊಟ್ಟ ದಿನವೇ ಫೋನಿನ ಕ್ಯಾಲೆಂಡರಿನಲ್ಲಿ ಪ್ರತಿಯೊಂದಕ್ಕೂ ಎರಡು ದಿನ ಮೊದಲು ಅಲಾರಂ ಇಡಿ.

ಚೆಕ್ ಬೌನ್ಸ್ ಆಯ್ತು. ನಿಜವಾಗಿಯೂ ಜೈಲಾಗುತ್ತಾ?

ಆಗಬಹುದು, ಆದರೆ ಮರುದಿನವೇ ಪೊಲೀಸರು ಬಂದು ಎಳೆದುಕೊಂಡು ಹೋಗುತ್ತಾರೆ ಅನ್ನುವ ಚಿತ್ರ ತಪ್ಪು. ಮೇಲೆ ಹೇಳಿದ 1881ರ ಕಾಯ್ದೆಯ ಸೆಕ್ಷನ್ 138 ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆ ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ ಅಥವಾ ಎರಡೂ. ಆದರೆ ಅಲ್ಲಿಗೆ ಹೋಗಲು ಮೆಟ್ಟಿಲುಗಳಿವೆ.

ಚೆಕ್ ಅದರ ಅವಧಿಯೊಳಗೆ ಬ್ಯಾಂಕಿಗೆ ಹೋಗಿ ವಾಪಸಾಗಿರಬೇಕು. ವಾಪಸಾದ ವಿಷಯ ತಿಳಿದ 30 ದಿನದೊಳಗೆ ಹಣ ಬರಬೇಕಾದವರು ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಸಿಕ್ಕಿದ 15 ದಿನದೊಳಗೆ ಚೆಕ್ ಕೊಟ್ಟವರು ಹಣ ಕಟ್ಟಿದರೆ ಕಥೆ ಅಲ್ಲಿಗೆ ಮುಗಿಯುತ್ತದೆ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಮೊಕದ್ದಮೆ ನಡೆಯುವಾಗಲೇ ಚೆಕ್ ಮೊತ್ತದ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರವೂ 2018ರ ತಿದ್ದುಪಡಿಯಿಂದ ಕೋರ್ಟಿಗಿದೆ.

ಹಾಗಾಗಿ ನೀವು ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ನೋಟಿಸ್ ಬಂದಾಗ ಮುಖ ತಿರುಗಿಸಬೇಡಿ, ಪೋಸ್ಟ್‌ಮ್ಯಾನ್‌ನಿಂದ ತಪ್ಪಿಸಿಕೊಂಡರೆ ಪಾರಾದೆ ಅಂದುಕೊಳ್ಳಬೇಡಿ. ಆ 15 ದಿನ ನಿಮಗೇ ಕೊಟ್ಟ ಅವಕಾಶ. ನಿಮಗೆ ಬಂದ ಚೆಕ್ ಬೌನ್ಸ್ ಆಗಿದ್ದರೆ ಬ್ಯಾಂಕ್ ಕೊಡುವ ರಿಟರ್ನ್ ಮೆಮೊ (ಚೆಕ್ ಯಾಕೆ ವಾಪಸಾಯಿತು ಅನ್ನುವ ಚೀಟಿ) ಜೋಪಾನ, ಅದರ ಮೇಲಿನ ತಾರೀಕು ಇನ್ನೂ ಜೋಪಾನ. 'ಕೊಡ್ತಾರೆ ಬಿಡಿ' ಅಂತ ಕಾಯುತ್ತಾ 30 ದಿನ ಕಳೆದುಕೊಂಡವರು ಬಹಳ. ಮೂರು ತಿಂಗಳ ಅವಧಿ ಉಳಿದಿದ್ದರೆ ಅದೇ ಚೆಕ್ಕನ್ನು ಇನ್ನೊಮ್ಮೆ ಹಾಕಬಹುದು. ಉಡುಗೊರೆಗೆ, ದೇಣಿಗೆಗೆ ಕೊಟ್ಟ ಚೆಕ್ ವಾಪಸಾದರೆ ಈ ಸೆಕ್ಷನ್ ಬರುವುದಿಲ್ಲ, ತೀರಿಸಬೇಕಾದ ಬಾಕಿ ಇರಲೇಬೇಕು.

ಜಗಳ ಆಯ್ತು, ಕೊಟ್ಟ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಹಾಕಿದರೆ ಬಚಾವಾ?

ಹಣ ನಿಲ್ಲುತ್ತದೆ, ಕೇಸ್ ನಿಲ್ಲುವುದಿಲ್ಲ. ಸ್ಟಾಪ್ ಪೇಮೆಂಟ್ ಮಾಡಿದ ಮಾತ್ರಕ್ಕೆ 138ರಿಂದ ತಪ್ಪಿಸಿಕೊಳ್ಳಲಾಗದು ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಬಾಕಿ ಇರಲಿಲ್ಲ, ಮಾಲು ಬರಲಿಲ್ಲ, ಹೀಗೆ ಗಟ್ಟಿ ಕಾರಣ ಇದ್ದರೆ ಅದನ್ನು ಬ್ಯಾಂಕಿಗೆ ಬರೆಯುವ ಪತ್ರದಲ್ಲೇ ಬರೆಯಿರಿ, ಎದುರಿನವರಿಗೂ ಅದೇ ದಿನ ತಿಳಿಸಿ.

ಬೀರುವಿನಲ್ಲಿ ವಿಜಯಾ ಬ್ಯಾಂಕಿನ ಹಳೆ ಚೆಕ್ ಬುಕ್ ಸಿಕ್ತು, ಬಳಸಬಹುದಾ?

ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, ಸಿಂಡಿಕೇಟ್ ಕೆನರಾ ಜೊತೆ ಮತ್ತು ಕಾರ್ಪೊರೇಷನ್ ಯೂನಿಯನ್ ಬ್ಯಾಂಕ್ ಜೊತೆ 2020ರಲ್ಲಿ ಸೇರಿಹೋದವು. ಆ ಹಾಳೆಗಳ ಮೇಲಿನ ಕೋಡುಗಳು ಈಗ ನಡೆಯುವುದಿಲ್ಲ. ಹೊಸ ಬುಕ್ ತೆಗೆದುಕೊಳ್ಳಿ. ಹಳೆಯದರಲ್ಲಿ ಒಂದು ಹಾಳೆಯನ್ನು ನೆನಪಿಗೆ ಇಟ್ಟುಕೊಳ್ಳುವುದು ನಿಮಗೆ ಬಿಟ್ಟದ್ದು, ನಾನು ಇಟ್ಟುಕೊಂಡಿದ್ದೇನೆ.

ಜಂಟಿ ಖಾತೆಯ ಚೆಕ್ಕಿಗೆ ಇಬ್ಬರೂ ಸಹಿ ಮಾಡಬೇಕಾ? ಒಬ್ಬರು ತೀರಿಕೊಂಡರೆ?

'ಐದರ್ ಆರ್ ಸರ್ವೈವರ್' ಅಂತ ಇದ್ದರೆ ಯಾರಾದರೂ ಒಬ್ಬರ ಸಹಿ ಸಾಕು, ಒಬ್ಬರು ಹೋದ ಮೇಲೆ ಉಳಿದವರು ಖಾತೆ ನಡೆಸಬಹುದು. 'ಜಾಯಿಂಟ್ಲಿ' ಅಂತ ಇದ್ದರೆ ಎಲ್ಲರ ಸಹಿ ಬೇಕು. ಪಾಸ್‌ಬುಕ್ಕಿನಲ್ಲಿ ಯಾವುದು ಬರೆದಿದೆ ಅಂತ ಇವತ್ತೇ ನೋಡಿ.

ಒಬ್ಬರದೇ ಖಾತೆ ಆಗಿದ್ದರೆ, ತೀರಿಕೊಂಡ ವಿಷಯ ಬ್ಯಾಂಕಿಗೆ ತಿಳಿದ ಮೇಲೆ ಅವರು ಸಹಿ ಮಾಡಿಟ್ಟ ಚೆಕ್ ಪಾಸಾಗುವುದಿಲ್ಲ. 'ಅಪ್ಪನೇ ಸಹಿ ಮಾಡಿಟ್ಟಿದ್ದರು, ಆಸ್ಪತ್ರೆ ಖರ್ಚಿಗೆ ಅಂತ' ಅಂದವರನ್ನು ನೋಡಿದ್ದೇನೆ, ಪಾಪ ಅನ್ನಿಸುತ್ತದೆ. ಆದರೂ ಆ ಚೆಕ್ಕನ್ನು ಬಳಸಲು ಹೋಗಬೇಡಿ, ಆಮೇಲೆ ಉಳಿದ ವಾರಸುದಾರರಿಗೆ ಉತ್ತರ ಹೇಳಬೇಕಾಗುತ್ತದೆ. ಮರಣ ಪತ್ರ ಮತ್ತು ಪಾಸ್‌ಬುಕ್ ತೆಗೆದುಕೊಂಡು ಶಾಖೆಗೆ ಹೋಗಿ, ನಾಮಿನಿ ಯಾರು ಅಂತ ಕೇಳಿ, ಉಳಿದ ಚೆಕ್ ಹಾಳೆಗಳನ್ನು ಅಲ್ಲೇ ವಾಪಸ್ ಕೊಟ್ಟು ಬನ್ನಿ.